ನಾಲ್ಕು ನಿಮಿಷದ ಮಾತು

ಅಪ್ಪನ ಗದ್ದದ ಕೆಳಗಿಂದ ಬಟ್ಟೆಯ ಪಟ್ಟಿಯನ್ನು ಎಳೆದು ನೆತ್ತಿಯ ಮೇಲೆ ಗಂಟು ಹಾಕುತ್ತಿದ್ದ ಶವದ ವ್ಯಾನಿನವನು ಅರ್ಧಕ್ಕೇ ಕೈ ನಿಲ್ಲಿಸಿ ತಲೆಯೆತ್ತಿದ.

"ಕಟ್ಟಿಸಿದ ಹಲ್ಲಿನ ಸೆಟ್ ಇದ್ರೆ ಈಗ್ಲೇ ಕೊಟ್ಬಿಡಿ ಅಮ್ಮಾ. ಆಮೇಲೆ ಬಾಯಿ ಬಿಗಿಯಾದ್ರೆ ಹಾಕೋಕಾಗಲ್ಲ. ಹಾಕ್ದೇ ಇದ್ರೆ ಕೆನ್ನೆ ಒಳಗೆ ಹೋಗಿ ಮುಖಾನೇ ಬೇರೆ ಥರ ಕಾಣುತ್ತೆ."

ಮಂಚದ ಕಾಲಬಳಿ ನಿಂತಿದ್ದ ಅಮ್ಮ ನಿನ್ನೆ ಮಧ್ಯಾಹ್ನದಿಂದ ಮೊದಲ ಸಲ ನಕ್ಕಳು. ನಕ್ಕಿದ್ದಕ್ಕೆ ತಾನೇ ಗಾಬರಿಬಿದ್ದು ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

"ಈ ಊರಿನ ಅರ್ಧ ಜನಕ್ಕೆ ಹಲ್ಲು ಕಟ್ಟಿದ್ದು ಇವರೇ ಕಣಪ್ಪ. ಇವರದ್ದು ಮಾತ್ರ ಮೂವತ್ತೆರಡೂ ಸ್ವಂತದ್ದು."

ವ್ಯಾನಿನವನು ತಲೆಯಾಡಿಸಿ ಪಟ್ಟಿಯನ್ನು ಬಿಗಿ ಮಾಡಿದ. ಅವನ ಬೆರಳುಗಳಿಗೆ ಈ ಕೆಲಸ ಎಷ್ಟು ರೂಢಿಯಾಗಿತ್ತೆಂದರೆ ಗಂಟು ಹಾಕುವಾಗ ಅವನು ಕಿಟಕಿಯಾಚೆ ನಿಲ್ಲಿಸಿದ್ದ ವ್ಯಾನಿನ ಕಡೆಗೇ ನೋಡುತ್ತಿದ್ದ. ಬಾಗಿಲಿಗೆ ಒರಗಿ ನಿಂತಿದ್ದ ಅಮ್ಮನ ತಮ್ಮ, ಸೋದರಮಾವ, ಮೂಗೊರೆಸಿಕೊಂಡು ಹೇಳಿದ:

"ಬಾಯಿ ಮುಚ್ಚೋಕೆ ಪಟ್ಟಿ ಬೇರೆ ಬೇಕೇನೋ? ನಮ್ಮ ಭಾವನ ಬಾಯಿ ಅರವತ್ತಾರು ವರ್ಷ ಮುಚ್ಚೇ ಇತ್ತಲ್ಲ."

ಯಾರೂ ನಗಲಿಲ್ಲ. ಮಾವ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆಸ್ಪತ್ರೆಯ ವರಾಂಡದಲ್ಲಿ ಮೂರು ದಿನ ಕೂತಿದ್ದವನು ಅವನೇ; ಕಣ್ಣೆರಡೂ ಊದಿಕೊಂಡಿದ್ದವು. ದುಃಖ ಬಂದಾಗ ತಮಾಷೆ ಮಾಡುವುದು ಬಿಟ್ಟು ಬೇರೆ ದಾರಿ ಅವನಿಗೆ ಗೊತ್ತಿರಲಿಲ್ಲ.

ಅಪ್ಪನ ಕೂದಲನ್ನು ಎಡಗಡೆಗೆ ಬಾಚುತ್ತಿದ್ದ ಮಗಳು ತಲೆಯೆತ್ತದೆ ಹೇಳಿದಳು: "ಮಾವ, ಸಾಕು. ಅಪ್ಪ ಇಂಟ್ರೋವರ್ಟ್ ಆಗಿದ್ರು. ಅಷ್ಟೆ."

"ನಾನೂ ಅದನ್ನೇ ಹೇಳಿದ್ದು," ಎಂದ ಮಾವ. "ನೀನು ಇಂಗ್ಲಿಷಲ್ಲಿ ಹೇಳ್ದೆ."

*

ಆ ಪದ ಮನೆಗೆ ಬಂದಾಗ ಮಗಳಿಗೆ ಹದಿನಾಲ್ಕು ವರ್ಷ. ಅದಕ್ಕೂ ಮುಂಚೆ ಅಪ್ಪನಿಗೆ ಬೇರೆ ಹೆಸರುಗಳಿದ್ದವು. ಅಮ್ಮನ ಕಡೆಯವರು ಬಾಯಿಸತ್ತವನು ಎನ್ನುತ್ತಿದ್ದರು. ಮಾವ ಗುಮ್ಮನಗುಸುಗ ಎನ್ನುತ್ತಿದ್ದ. ಹಾಗೆನ್ನುವಾಗ ಭಾವ ಒಳಗೊಳಗೇ ಏನೋ ಹೂಡುತ್ತಿದ್ದಾನೆಂಬಂತೆ ಒಂದು ಕಣ್ಣನ್ನು ಕಿರಿದು ಮಾಡುತ್ತಿದ್ದ. ಕೆಳಗಿನ ಮನೆಯವರ ಪ್ರಕಾರ ಅದು ಜಂಬ. ಅಮ್ಮ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಸಾಯಂಕಾಲದ ಪಾಳಿ ಮುಗಿಸಿ, ನೂರಾರು ಜನರ ಜೊತೆ ಮಾತಾಡಿ ಬಂದ ಬಾಯಲ್ಲೇ, ಸಿಟ್ಟು ಬಂದರೆ "ಗೋಡೆ" ಎನ್ನುತ್ತಿದ್ದಳು. "ಗೋಡೆಗೆ ಹೇಳಿದ್ರೆ ನನ್ನ ಮಾತು ನಂಗಾದ್ರೂ ವಾಪಸ್ ಕೇಳುತ್ತೆ. ಇವರ ಹತ್ರ ಅದೂ ಇಲ್ಲ."

ಒಂದು ಮಧ್ಯಾಹ್ನ ಶಾಲೆಯ ಲೈಬ್ರರಿಯಲ್ಲಿ ಮಗಳಿಗೆ ಹಳೆಯ ಮ್ಯಾಗಜೀನೊಂದು ಸಿಕ್ಕಿತು. ಅದರಲ್ಲಿ ಇಪ್ಪತ್ತು ಪ್ರಶ್ನೆಗಳಿದ್ದವು. ಫೋನು ಹೊಡೆದುಕೊಂಡರೆ ನಿಮ್ಮ ಎದೆ ಧಸಕ್ಕೆನ್ನುತ್ತದೆಯೇ? ಜನ ತುಂಬಿದ ಕೋಣೆಯಲ್ಲಿ ನೀವು ಗೋಡೆಯ ಪಕ್ಕದ ಕುರ್ಚಿ ಹುಡುಕುತ್ತೀರಾ? ಹೇಳಬೇಕಾದದ್ದು ಎಲ್ಲರೂ ಹೋದ ಮೇಲೆ ಹೊಳೆಯುತ್ತದೆಯೇ? ಅವಳು ಅಪ್ಪನ ಪರವಾಗಿ ಉತ್ತರ ಗುರುತು ಹಾಕಿದಳು. ಇಪ್ಪತ್ತಕ್ಕೆ ಹದಿನೆಂಟು ಬಂತು. ಗಂಟೆ ಹೊಡೆದ ಕೂಡಲೇ ಚೀಲ ಹೆಗಲಿಗೇರಿಸಿ ಅಪ್ಪನ ಲ್ಯಾಬಿಗೆ ಓಡಿದಳು.

ಲ್ಯಾಬು ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದೆ, ಎರಡು ಮೆಟ್ಟಿಲು ಇಳಿದು ಹೋಗುವ ಕೋಣೆ. ಮೇಣದ ವಾಸನೆ, ಸ್ಪಿರಿಟ್ ದೀಪದ ನೀಲಿ ಕುಡಿ, ಎಲ್ಲದರ ಮೇಲೂ ಕೂತ ಪ್ಲಾಸ್ಟರಿನ ಬಿಳಿ ಧೂಳು. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಜನರ ಬಾಯಿಯ ಅಚ್ಚುಗಳು, ಮೇಲ್ದವಡೆ ಕೆಳದವಡೆ ಜೊತೆಯಾಗಿ, ಒಂದೊಂದಕ್ಕೂ ಅಂಟಿಸಿದ ಚೀಟಿ. ಅಪ್ಪ ಬಿಸಿ ಮಾಡಿದ ಚಾಕುವಿನ ತುದಿಯಿಂದ ಗುಲಾಬಿ ಮೇಣವನ್ನು ಸವರಿ, ಅದರಲ್ಲಿ ಒಂದೊಂದೇ ಹಲ್ಲು ಕೂರಿಸುತ್ತಿದ್ದರು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಮೂಲೆಯಲ್ಲಿ ಪ್ಲಾಸ್ಟರು ಕಲಸುತ್ತಿದ್ದಳು. ಮುಂದೆ ಎಲ್ಲರೂ ಅವಳನ್ನು ಅಚ್ಚಿನಕ್ಕ ಎಂದೇ ಕರೆದರು.

"ಅಪ್ಪ, ನೀವು ಬಾಯಿಸತ್ತೋರಲ್ಲ. ಇಂಟ್ರೋವರ್ಟ್!"

"ಏನದು? ಕಾಯಿಲೆನಾ?"

"ಅಲ್ಲಪ್ಪ, ಸ್ವಭಾವ. ಡಿಕ್ಷನರಿಯಲ್ಲಿ ಅಂತರ್ಮುಖಿ ಅಂತಿದೆ. ಅಂದ್ರೆ ಮುಖ ಒಳಗಡೆ ಇರೋರು."

ಅಪ್ಪ ಚಾಕುವನ್ನು ದೀಪಕ್ಕೆ ಹಿಡಿದು ಸ್ವಲ್ಪ ಹೊತ್ತು ಯೋಚಿಸಿದರು.

"ಹಾಗಾದ್ರೆ ಇಷ್ಟು ವರ್ಷ ನಿಮಗೆಲ್ಲ ಕಾಣ್ತಿದ್ದಿದ್ದು ನನ್ನ ಬೆನ್ನಾ?"

ಪ್ಲಾಸ್ಟರು ಕಲಸುತ್ತಿದ್ದ ಹುಡುಗಿ ಕಿಸಕ್ಕೆಂದಳು. ಅಪ್ಪನೂ ನಕ್ಕರು. ಅವರಿಗೆ ಆ ಪದ ನಿಜಕ್ಕೂ ಹಿಡಿಸಿತ್ತು. ಕಾಗುಣಿತ ಹೇಳಿಸಿಕೊಂಡು ಪೆನ್ಸಿಲಿನಿಂದ ಮೇಜಿನ ಅಂಚಿನ ಮೇಲೆ ಬರೆದುಕೊಂಡರು. ಬರೆದದ್ದನ್ನು ನೋಡುತ್ತ ಮೆಲ್ಲಗೆ ಕೇಳಿದರು:

"ಇದ್ರಲ್ಲಿ ಮಾತಾಡಬಾರದು ಅಂತೇನೂ ಇಲ್ವಲ್ಲ? ಸ್ವಲ್ಪ ಹೊತ್ತು ಒಳಗೆ ನೋಡ್ಕೊಂಡಿದ್ದು, ಆಮೇಲೆ ಹೊರಗೆ ಬಂದು ಹೇಳಬಹುದು. ಅಲ್ವಾ?"

ಮಗಳು ಆಗಲೇ ಮೆಟ್ಟಿಲು ಹತ್ತುತ್ತಿದ್ದಳು. ಅಮ್ಮ ಪಾಳಿಗೆ ಹೊರಡುವ ಮುಂಚೆ ಅವಳಿಗೂ ಹೇಳಬೇಕಿತ್ತು. ಏನೋ ಉತ್ತರ ಕೊಟ್ಟಿದ್ದಳು. ಏನೆಂದು ಮಾತ್ರ ಆಮೇಲೆ ಎಷ್ಟು ಸಲ ನೆನೆಸಿಕೊಂಡರೂ ನೆನಪಾಗಲಿಲ್ಲ.

ಪದ ಕೆಲಸ ಮಾಡಿತು. ಅಮ್ಮನ ಬಾಯಲ್ಲಿ ಅದು "ಇಂಟ್ರೋಟು" ಆಯಿತು. "ನಮ್ಮೋರು ಇಂಟ್ರೋಟು, ಅವರನ್ನ ಎಲ್ಲಿ ಕರೀತೀರಿ, ನಾನೇ ಬರ್ತೀನಿ" ಎಂದು ಎಲ್ಲ ಸಮಾರಂಭಗಳಿಗೂ ಒಬ್ಬಳೇ ಹೋಗತೊಡಗಿದಳು. ಮಾವನೂ ಗುಮ್ಮನಗುಸುಗ ಎನ್ನುವುದನ್ನು ಬಿಟ್ಟ. "ಭಾವನಿಗೆ ಮೂಲೇಲಿ ಒಂದು ಕುರ್ಚಿ ಹಾಕ್ರೋ, ಅವರು ಇಂಟ್ರೋವರ್ಟು" ಎಂದು ತಾನೇ ಮುಂದೆ ನಿಂತು ವ್ಯವಸ್ಥೆ ಮಾಡುತ್ತಿದ್ದ. ಗುಂಪಿನ ಫೋಟೋ ತೆಗೆಯುವಾಗ ಕ್ಯಾಮೆರಾ ಅಪ್ಪನ ಕೈಗೆ ಬರುತ್ತಿತ್ತು. ಯಾರೂ ಅವರನ್ನು ಆಡಿಕೊಳ್ಳಲಿಲ್ಲ. ಯಾರೂ ಅವರನ್ನು ಏನೂ ಕೇಳಲೂ ಇಲ್ಲ. ಮೊನ್ನೆ ಆಸ್ಪತ್ರೆಯಲ್ಲಿ ಡಾಕ್ಟರು "ಎಲ್ಲಿ ನೋವು, ಹೇಗಿದೆ ಹೇಳಿ" ಎಂದಾಗ ಅಪ್ಪ ತುಟಿ ತೆರೆದು ಪದ ಹುಡುಕುತ್ತಿದ್ದರು. "ಇವರು ಇಂಟ್ರೋಟು ಡಾಕ್ಟ್ರೇ, ಕೇಳಿದ್ರೂ ಹೇಳಲ್ಲ. ನಾನು ಹೇಳ್ತೀನಿ ಕೇಳಿ," ಎಂದಳು ಅಮ್ಮ. ಅವಳು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅಪ್ಪ ತೆರೆದ ಬಾಯನ್ನು ಮುಚ್ಚಿಕೊಂಡರು.

*

ಹತ್ತು ಗಂಟೆಯ ಹೊತ್ತಿಗೆ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಪ್ಪನನ್ನು ಮಲಗಿಸಿದ ಪೆಟ್ಟಿಗೆಯನ್ನು ಕಿಟಕಿಯ ಪಕ್ಕ ಇಟ್ಟಿದ್ದರು. ಬಂದವರು ಒಂದು ಗಳಿಗೆ ನೋಡಿ, ಅಮ್ಮನ ಕೈ ಹಿಡಿದು, ಗೋಡೆಗುಂಟ ಹಾಕಿದ್ದ ಕುರ್ಚಿಗಳಲ್ಲಿ ಕೂರುತ್ತಿದ್ದರು. ಅಳಿಯ ಟೀ ಲೋಟಗಳ ತಟ್ಟೆ ಹಿಡಿದು ಓಡಾಡುತ್ತಿದ್ದ.

ಎದುರುಮನೆಯ ಅಜ್ಜಿ ಪೆಟ್ಟಿಗೆಯ ಹತ್ತಿರವೇ ಕೂತಿದ್ದಳು.

"ಈ ಹಲ್ಲು ಇವನೇ ಕಟ್ಟಿದ್ದು. ಹದಿನೈದು ವರ್ಷ ಆಯ್ತು, ಒಂದು ಚೂರು ಅಲುಗಾಡಿಲ್ಲ," ಎಂದು ಬಂದವರಿಗೆಲ್ಲ ಬಾಯಿ ತೆರೆದು ತೋರಿಸಿದಳು. "ಹಾಕಿದ ದಿನ 'ಏನಾದ್ರೂ ಮಾತಾಡಿ ಅಜ್ಜಿ, ಸರಿಯಾಗಿ ಕೂತಿದೆಯಾ ನೋಡಬೇಕು' ಅಂದ. ನಾನು ಅರ್ಧ ಗಂಟೆ ಮಾತಾಡ್ದೆ. ಸುಮ್ನೆ ಕೇಳಿಸಿಕೊಂಡ. ಈಗಿನ ಕಾಲದಲ್ಲಿ ಯಾರು ಕೇಳ್ತಾರೆ ಹೇಳು?"

"ನಮ್ಮಪ್ಪ ಹಾಗೇ ಅಜ್ಜಿ," ಎಂದಳು ಮಗಳು. ಶಾಲೆಯಲ್ಲಿ ಟೀಚರಾಗಿದ್ದ ಅವಳಿಗೆ ಹತ್ತು ಜನ ಸೇರಿದಲ್ಲಿ ಮಾತು ತಾನಾಗಿ ಬರುತ್ತಿತ್ತು. ಸುಮ್ಮನಿದ್ದರೆ ಅಳು ಬರುತ್ತದೆಂದು ಅವಳಿಗೆ ಬೆಳಗಿನಿಂದ ಗೊತ್ತಾಗಿತ್ತು, ಹಾಗಾಗಿ ಸುಮ್ಮನಿರಲಿಲ್ಲ. "ನನ್ನ ಮದುವೆ ದಿನದ ಕಥೆ ನಿಮಗೆ ಗೊತ್ತಲ್ಲ?"

ಕೆಲವರಿಗೆ ಗೊತ್ತಿತ್ತು. ಆದರೂ ಎಲ್ಲರೂ ಅವಳ ಕಡೆ ತಿರುಗಿದರು.

"ಹುಡುಗನ ಮನೆಯವರು, ಊಟಕ್ಕೆ ಮುಂಚೆ ಎರಡೂ ಕಡೆ ಹಿರಿಯರು ನಾಲ್ಕು ಮಾತು ಆಡ್ಲಿ ಅಂತ ಮೈಕು ಇಡಿಸಿದ್ರು. ಹುಡುಗನ ಅಪ್ಪ ಮಾತಾಡಿದ್ರು, ಮುಗೀತು. ಆಮೇಲೆ ಈ ನಮ್ಮ ಸೋದರಮಾವ, ಇವನಿಗೆ ಬುದ್ಧಿ ಇಲ್ಲ ನೋಡಿ, ಮೈಕು ತಗೊಂಡು ಸೀದಾ ಅಪ್ಪನ ಕಡೆ ಹೋಗಿಬಿಟ್ಟ. ಮುನ್ನೂರು ಜನ! ಅಪ್ಪ ಬೆವೆತು ನೀರಾಗಿದ್ರು. ಎದ್ದೇಬಿಟ್ರು. ಓಡಿಹೋಗ್ತಾರೆ ಅಂತ ನಂಗೆ ಗೊತ್ತಾಗೋಯ್ತು. ಮದುವೆ ಹುಡುಗಿ ಅನ್ನೋದೂ ಮರೆತು ಓಡಿ ಮಾವನ ಕೈಯಿಂದ ಮೈಕು ಕಿತ್ಕೊಂಡೆ. 'ನಮ್ಮಪ್ಪ ಇಂಟ್ರೋವರ್ಟ್, ದಯವಿಟ್ಟು ಅವರನ್ನ ಬಿಟ್ಟುಬಿಡಿ, ಅವರ ಪಾಲಿಂದೂ ನಾನೇ ಮಾತಾಡ್ತೀನಿ' ಅಂದೆ. ಇಡೀ ಹಾಲು ಚಪ್ಪಾಳೆ! ಅಪ್ಪ ಕೂತ್ಕೊಂಡು ನನ್ನ ಕಡೆ ನೋಡಿ ನಕ್ರು. ಬದುಕಿಕೊಂಡೆ ಮಗಳೇ ಅನ್ನೋ ಥರ. ಆ ನಗು ನಾನು ಸಾಯೋತನಕ ಮರೆಯಲ್ಲ."

ಜನ ಕಣ್ಣೊರೆಸಿಕೊಂಡು ನಕ್ಕರು. "ತಂದೇನ ಅರ್ಥ ಮಾಡ್ಕೊಂಡ ಮಗಳು," ಎಂದರು ಯಾರೋ.

ಬಾಗಿಲ ಬಳಿ ಕೂತಿದ್ದ ಅಚ್ಚಿನಕ್ಕ ಮಾತ್ರ ನಗಲಿಲ್ಲ. ಈಗ ಅವಳಿಗೆ ಐವತ್ತು. ಇಪ್ಪತ್ತನಾಲ್ಕು ವರ್ಷ ಅಪ್ಪನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿದವಳು. ಅರ್ಧ ಕುಡಿದ ಟೀ ಲೋಟ ಹಿಡಿದು ಎದ್ದು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಮಗಳು ಹೋಗಿ ನೋಡಿದಾಗ ಅವಳು ಆಗಲೇ ತೊಳೆದಿಟ್ಟಿದ್ದ ಲೋಟಗಳನ್ನು ಮತ್ತೆ ತೊಳೆಯುತ್ತಿದ್ದಳು.

"ಏನಾಯ್ತಕ್ಕ?"

"ಏನಿಲ್ಲಮ್ಮ."

"ನಾನೇನಾದ್ರೂ ತಪ್ಪು ಹೇಳಿದ್ನಾ?"

ಅಚ್ಚಿನಕ್ಕ ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳಲಿಲ್ಲ.

"ಅವರು ಎದ್ದಿದ್ದು ಓಡಿಹೋಗೋಕೆ ಅಂತ ನಿಂಗೆ ಹೇಗೆ ಗೊತ್ತಾಯ್ತು?"

"ಗೊತ್ತಾಗದೆ ಏನಕ್ಕ? ನಮ್ಮಪ್ಪನ್ನ ನಾನು ನೋಡಿಲ್ವಾ?"

"ಓಡಿಹೋಗೋರು ಕೋಟಿನ ಗುಂಡಿ ಹಾಕ್ಕೊಳ್ತಾರಾ?"

ಗುಂಡಿ. ಹೌದು, ಹಾಕಿಕೊಂಡಿದ್ದರು. ಎದ್ದು ನಿಂತವರೇ ತಲೆ ತಗ್ಗಿಸಿ ಕೋಟಿನ ನಡುಗುಂಡಿಗೆ ಕೈ ಹಾಕಿದ್ದರು. ಮೊದಲ ಸಲ ತಪ್ಪಿತ್ತು. ಎರಡನೇ ಸಲ ಸೇರಿತ್ತು. ಆಮೇಲೆ ಗಂಟಲು ಸರಿಮಾಡಿಕೊಂಡಿದ್ದರು. ಹನ್ನೆರಡು ವರ್ಷ ಈ ಕಥೆಯನ್ನು ಹೇಳುವಾಗಲೆಲ್ಲ ಆ ಚಿತ್ರ ಕಣ್ಣಮುಂದೆ ಬರುತ್ತಿತ್ತು, ಅವಳು ಅದನ್ನು ಬಿಟ್ಟು ಮುಂದಕ್ಕೆ ಹೋಗುತ್ತಿದ್ದಳು. ಕಥೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

"ಹೇಳಬಾರದು ಅಂತಿದ್ದೆ," ಎಂದಳು ಅಚ್ಚಿನಕ್ಕ. "ಅವರೂ ಬೇಡ ಅಂದಿದ್ರು. ಆದ್ರೆ ಅವರನ್ನ ಎದುರಿಗೆ ಮಲಗಿಸಿಕೊಂಡು ನೀನು ಅದನ್ನೇ ಹೇಳ್ತಿದ್ರೆ ಹೇಗಮ್ಮ ಕೇಳೋದು?"

*

ಮದುವೆ ಗೊತ್ತಾಗಿ, ಹಿರಿಯರು ನಾಲ್ಕು ಮಾತು ಆಡಬೇಕೆಂದು ಹುಡುಗನ ಮನೆಯವರು ಹೇಳಿದ ಮರುದಿನವೇ ಅಪ್ಪ ಲ್ಯಾಬಿನಲ್ಲಿ ಊಟದ ಡಬ್ಬಿ ಮುಚ್ಚಿಟ್ಟು, ಅಚ್ಚಿನಕ್ಕನ ಕಡೆ ತಿರುಗದೆ ಕೇಳಿದ್ದರು:

"ನಾಲ್ಕು ಮಾತು ಅಂದ್ರೆ ಎಷ್ಟು ಹೊತ್ತಿರಬೇಕು?"

"ಯಾರು ಮಾತಾಡೋದು?"

"ನಾನೇ."

ಅವಳು ಕಲಸಿದ ಪ್ಲಾಸ್ಟರು ಬಟ್ಟಲಲ್ಲೇ ಗಟ್ಟಿಯಾಯಿತು.

ಆ ದಿನದಿಂದ ಒಂದೂವರೆ ತಿಂಗಳು, ಊಟವಾದ ಮೇಲೆ ಬಾಗಿಲು ಹಾಕಿ ಅಭ್ಯಾಸ ನಡೆಯಿತು. ಅಪ್ಪ ಮೇಜಿನ ಈಚೆ ನಿಲ್ಲುತ್ತಿದ್ದರು. ಎದುರಿಗೆ ಅಚ್ಚಿನಕ್ಕ, ಅವಳ ಹಿಂದೆ ಹಲಗೆಗಳ ಮೇಲೆ ನಲವತ್ತು ಜೊತೆ ದವಡೆಗಳು. "ಇಷ್ಟು ಜನ ಬಾಯಿ ತೆರೆದು ಕೇಳ್ತಿದಾರೆ, ಇನ್ನೇನು ಭಯ?" ಎಂದು ಅವಳು ಧೈರ್ಯ ಹೇಳುತ್ತಿದ್ದಳು. ಮೊದಲ ವಾರ ನಮಸ್ಕಾರದ ಮುಂದಕ್ಕೆ ಮಾತು ಹೋಗಲೇ ಇಲ್ಲ. ನಮಸ್ಕಾರ ಎನ್ನುತ್ತಿದ್ದರು, ನಿಲ್ಲುತ್ತಿದ್ದರು, ನೀರು ಕುಡಿಯುತ್ತಿದ್ದರು. ಎರಡನೇ ವಾರ ಒಂದು ನಿಮಿಷವಾಯಿತು. ಕಾಗದದ ಮೇಲೆ ಬರೆದುಕೊಳ್ಳಿ ಎಂದರೆ ಒಪ್ಪಲಿಲ್ಲ. "ಓದಿದ್ರೆ ಓದಿದ ಹಾಗಿರುತ್ತೆ. ಮಾತಾಡಿದ ಹಾಗಿರಬೇಕು." ಕೈ ಎಲ್ಲಿಡಬೇಕೆಂಬುದು ದೊಡ್ಡ ಸಮಸ್ಯೆಯಾಯಿತು. ಜೇಬಿನಲ್ಲಿಟ್ಟರೆ ಅಗೌರವ, ಬಿಟ್ಟರೆ ನಡುಕ. ಕೊನೆಗೆ ಅಚ್ಚಿನಕ್ಕನೇ ಉಪಾಯ ಹೇಳಿದಳು: "ಎದ್ದ ತಕ್ಷಣ ಕೋಟಿನ ಗುಂಡಿ ಹಾಕ್ಕೊಳ್ಳಿ. ಅಷ್ಟರಲ್ಲಿ ಉಸಿರು ಸರಿಹೋಗುತ್ತೆ." ಕೋಟನ್ನೂ ಲ್ಯಾಬಿಗೆ ತಂದು ಗುಂಡಿ ಹಾಕುವುದನ್ನು ಅಭ್ಯಾಸ ಮಾಡಿದರು.

ಮದುವೆಗೆ ಎರಡು ದಿನ ಇರುವಾಗ ಅವಳ ಕೈಗಡಿಯಾರದ ಪ್ರಕಾರ ಸರಿಯಾಗಿ ನಾಲ್ಕು ನಿಮಿಷ ಬಂತು. ಒಂದು ಸಲವೂ ತಡವರಿಸಲಿಲ್ಲ. ಮುಗಿದ ಮೇಲೆ ಅಪ್ಪ ಕುರ್ಚಿಯಲ್ಲಿ ಕುಸಿದು ಕೂತು, ಅಂಗಿಯ ತೋಳಿನಿಂದ ಮುಖವೊರೆಸಿಕೊಂಡು, ಮಕ್ಕಳ ಹಾಗೆ ನಕ್ಕಿದ್ದರು. ಮೈಕು ತಮ್ಮ ಕಡೆಗೇ ತರಬೇಕೆಂದು ಅಮ್ಮನ ತಮ್ಮನಿಗೆ ಗುಟ್ಟಾಗಿ ಹೇಳಿಟ್ಟದ್ದೂ ಅವರೇ.

ಮದುವೆಯಾದ ಮೇಲೆ ಮೊದಲ ದಿನ ಲ್ಯಾಬಿಗೆ ಬಂದಾಗ ಅಚ್ಚಿನಕ್ಕ ಅವರ ಮುಖ ನೋಡಲಿಲ್ಲ. ಮಧ್ಯಾಹ್ನದ ತನಕ ತಡೆದುಕೊಂಡು ಆಮೇಲೆ ಹರಿಹಾಯ್ದಳು.

"ಯಾಕೆ ಸುಮ್ನೆ ಕೂತ್ಬಿಟ್ರಿ? ಮೈಕು ಕೊಡಮ್ಮ ನಾನು ಮಾತಾಡಬೇಕು ಅನ್ನೋಕೆ ಏನಾಗಿತ್ತು?"

"ಅವಳ ಮುಖ ನೋಡಿದ್ಯಾ ನೀನು?" ಎಂದಿದ್ದರು ಅಪ್ಪ. "ನಂಗೆ ಒಳ್ಳೇದು ಮಾಡ್ದೆ ಅಂತ ಎಷ್ಟು ಖುಷಿಯಲ್ಲಿದ್ಲು. ನಾನು ಬಾಯಿ ತೆಗೆದಿದ್ರೆ ಆ ಖುಷಿ ಹೋಗ್ತಿತ್ತು." ಚಾಕು ಕೈಗೆತ್ತಿಕೊಳ್ಳುತ್ತ, "ಅವಳಿಗೆ ಹೇಳಬೇಡ. ಇನ್ನೊಂದು ಸಲ ಯಾವಾಗ್ಲಾದ್ರೂ ಬರುತ್ತೆ," ಎಂದಿದ್ದರು.

ಬರಲಿಲ್ಲ. ಅವರ ನಿವೃತ್ತಿಯ ದಿನ ಕ್ಲಿನಿಕ್ಕಿನಲ್ಲಿ ಕೇಕು ಕತ್ತರಿಸಿದಾಗ ಡಾಕ್ಟರು ಹೆಗಲ ಮೇಲೆ ಕೈಯಿಟ್ಟು, "ಇವರು ಇಂಟ್ರೋವರ್ಟು, ಭಾಷಣ ಗೀಷಣ ಅಂತ ಹಿಂಸೆ ಕೊಡೋದು ಬೇಡ," ಎಂದಿದ್ದರು. ಆಗಲೂ ಅಪ್ಪ ಕೋಟು ಹಾಕಿಕೊಂಡು ಬಂದಿದ್ದರು.

*

"ಏನು ಮಾತಾಡ್ತಿದ್ರಕ್ಕ? ಅಷ್ಟು ದಿನ ಏನು ಅಭ್ಯಾಸ ಮಾಡಿದ್ರು?"

ಅಚ್ಚಿನಕ್ಕ ಬಾಯಿ ತೆರೆಯುವಷ್ಟರಲ್ಲಿ ಮಾವ ಅಡುಗೆಮನೆಗೆ ತಲೆ ಹಾಕಿದ. "ವ್ಯಾನಿನವನು ಅವಸರ ಮಾಡ್ತಿದಾನೆ. ಹೊರಡೋಣ."

ಮಗಳು ಅವನ ಮುಖವನ್ನೇ ನೋಡಿದಳು. "ಮಾವ, ಮದುವೆ ದಿನ ನಿನಗೆ ಮೈಕು ತಾ ಅಂತ ಅಪ್ಪನೇ ಹೇಳಿದ್ರಾ?"

ಮಾವ ಒಂದು ಕ್ಷಣ ಅವಳನ್ನೂ ಅಚ್ಚಿನಕ್ಕನನ್ನೂ ನೋಡಿ ತಲೆ ಕೆರೆದುಕೊಂಡ.

"ಹೇಳಿದ್ರು. ಆಮೇಲೆ ನೀನು ಬಂದು ಕಿತ್ಕೊಂಡ್ಯಲ್ಲ, ಭಾವ ಕೊನೇ ಗಳಿಗೇಲಿ ಹೆದರಿ ನಿಂಗೆ ಸನ್ನೆ ಮಾಡಿರಬೇಕು ಅಂದ್ಕೊಂಡೆ. ಅವರು ಹಾಗೇ ಅಲ್ವಾ." ಅವನ ದನಿ ಸಣ್ಣದಾಯಿತು. "ಮಾಡಿರಲಿಲ್ವಾ?"

ಅವಳು ಅವನನ್ನು ದಾಟಿ ಪೆಟ್ಟಿಗೆಯ ಕಡೆ ನಡೆದಳು.

ವ್ಯಾನಿನ ಹಿಂಭಾಗದಲ್ಲಿ ಪೆಟ್ಟಿಗೆಯ ಒಂದು ಕಡೆ ಅಮ್ಮ, ಇನ್ನೊಂದು ಕಡೆ ಮಗಳು ಕೂತರು. ಬೀದಿಗಳು ಹಿಂದಕ್ಕೆ ಸರಿದವು: ಶಟರು ಅರ್ಧ ಎತ್ತಿದ ಅಂಗಡಿಗಳು, ಬಸ್ಸಿಗೆ ಕಾಯುವ ಜನ, ಕ್ಲಿನಿಕ್ಕಿನ ಬೋರ್ಡು. ಅಮ್ಮ ಮಾತಾಡುತ್ತಲೇ ಇದ್ದಳು. ಯಾರು ಬಂದರು, ಯಾರು ಬರಲಿಲ್ಲ, ಟೀಗೆ ಸಕ್ಕರೆ ಹೆಚ್ಚಾಗಿತ್ತು. ಮಗಳು ಅವಳು ಉಸಿರೆಳೆದುಕೊಳ್ಳುವುದನ್ನೇ ಕಾದು ಕೇಳಿದಳು:

"ಅಮ್ಮ, ನನ್ನ ಮದುವೆ ದಿನ ಮನೆಗೆ ಬಂದ ಮೇಲೆ ಅಪ್ಪ ಏನಾದ್ರೂ ಹೇಳಿದ್ರಾ?"

"ಏನು ಹೇಳ್ತಾರೆ? ಎಂದಾದ್ರೂ ಹೇಳಿದ್ದುಂಟಾ?" ಎಂದಳು ಅಮ್ಮ. ಆಮೇಲೆ ಪೆಟ್ಟಿಗೆಯ ಮೇಲೆ ಕೈಯಾಡಿಸುತ್ತ, "ಕೋಟು ಬಿಚ್ಚಲಿಲ್ಲ," ಎಂದಳು. "ಬಂದು ಕುರ್ಚಿಯಲ್ಲಿ ಕೂತ್ರು. ನಾನು ಸೀರೆ ಬದಲಾಯಿಸಿ, ಪಾತ್ರೆ ಎತ್ತಿಟ್ಟು, ನಿನ್ನ ಕೋಣೆ ಗುಡಿಸಿ ಬಂದೆ. ಅಷ್ಟು ಹೊತ್ತೂ ಕೋಟು ಹಾಕ್ಕೊಂಡೇ ಕೂತಿದ್ರು. ತುಟಿ ಅಲ್ಲಾಡ್ತಿತ್ತು. ಮಗಳು ಹೋದ್ಲು ಅಂತ ಬೇಜಾರಾಗಿರಬೇಕು ಅಂದ್ಕೊಂಡೆ."

"ನೀನು ಕೇಳ್ಲಿಲ್ವಾ?"

"ಅವರನ್ನ ಕೇಳಬಾರದು ಅಂತ ನೀನೇ ತಾನೇ ಹೇಳಿಕೊಟ್ಟಿದ್ದು?"

ಅಮ್ಮನ ದನಿಯಲ್ಲಿ ಕೊಂಕಿರಲಿಲ್ಲ. ಮಗಳು ಕಿಟಕಿಯಾಚೆ ನೋಡಿದಳು. ಶಾಲೆಯಲ್ಲಿ ಪ್ರತಿ ವರ್ಷ ಮಾತು ಕಡಿಮೆಯಿರುವ ಮಕ್ಕಳ ಪ್ರಗತಿಪತ್ರದ ಕೊನೆಯ ಕಾಲಮಿನಲ್ಲಿ ಅವಳು ಇಂಟ್ರೋವರ್ಟ್ ಎಂಬ ಆ ಪದವನ್ನು ಬರೆಯುತ್ತಿದ್ದಳು. ಬರೆದ ಮೇಲೆ ಆ ಮಕ್ಕಳಿಗೆ ಪ್ರಶ್ನೆ ಕೇಳುತ್ತಿರಲಿಲ್ಲ. ಅವರಿಗೆ ಕಷ್ಟವಾಗಬಾರದೆಂದು.

*

ಗುಂಡಿ ತೋಡಿ ಸಿದ್ಧವಾಗಿತ್ತು. ತೆಗೆದ ಮಣ್ಣು ಪಕ್ಕದಲ್ಲಿ ಒದ್ದೆಯಾಗಿ ಗುಡ್ಡೆಬಿದ್ದಿತ್ತು. ಹಗ್ಗ ಹಿಡಿದು ಪೆಟ್ಟಿಗೆಯನ್ನು ಇಳಿಸಿದ ಮೇಲೆ ಜನ ಸುತ್ತ ನಿಂತರು. ಎಲ್ಲರೂ ಬಗ್ಗಿ ಒಂದೊಂದು ಹಿಡಿ ಮಣ್ಣು ತೆಗೆದುಕೊಂಡರು. ಮಾವ ಮಗಳ ಹತ್ತಿರ ಬಂದು ಮೆಲ್ಲಗೆ ಹೇಳಿದ:

"ಯಾರಾದ್ರೂ ನಾಲ್ಕು ಮಾತು ಹೇಳಿದ್ರೆ ಚೆನ್ನಾಗಿರುತ್ತೆ. ನೀನೇ ಹೇಳಮ್ಮ. ಮಾತುಗಾರ್ತಿ ನೀನು."

ಮಗಳು ಇಲ್ಲವೆಂದು ತಲೆಯಾಡಿಸಿದಳು. "ನಾನು ಅವರ ಪಾಲಿಂದೂ ಆಡಿ ಮುಗಿಸಿಬಿಟ್ಟಿದೀನಿ ಮಾವ." ತಿರುಗಿ, ಜನರ ಹಿಂದೆ ನಿಂತಿದ್ದ ಅಚ್ಚಿನಕ್ಕನನ್ನು ಕರೆದಳು. "ಅಕ್ಕ, ಮುಂದೆ ಬನ್ನಿ. ಅಪ್ಪ ಅಭ್ಯಾಸ ಮಾಡಿದ್ದನ್ನ ಹೇಳಿ. ನೆನಪಿದ್ದಷ್ಟು."

"ನಂಗೆ ಜನರ ಮುಂದೆ ಮಾತಾಡಿ ಗೊತ್ತಿಲ್ಲಮ್ಮ."

"ಅವರಿಗೂ ಗೊತ್ತಿರಲಿಲ್ಲ."

ಅಚ್ಚಿನಕ್ಕ ಮುಂದೆ ಬಂದಳು. ಕೈ ಎಲ್ಲಿಡಬೇಕೆಂದು ತಿಳಿಯದೆ ಎದೆಯ ಮೇಲೆ ಕಟ್ಟಿಕೊಂಡಳು. ಕಣ್ಣು ಮುಚ್ಚಿದಳು. ಬಾಯಿಪಾಠದಂತೆ, ಏರಿಳಿತವಿಲ್ಲದೆ ಶುರುಮಾಡಿದಳು. ಸ್ವಲ್ಪ ಹೊತ್ತಿಗೆ ಆ ದನಿಯಲ್ಲಿ ಅಪ್ಪ ನಿಲ್ಲುತ್ತಿದ್ದ ಕಡೆಗಳೆಲ್ಲ ಬರತೊಡಗಿದವು.

"ಎಲ್ಲರಿಗೂ ನಮಸ್ಕಾರ. ನಾನು ಹುಡುಗಿಯ ಅಪ್ಪ. ಹಲ್ಲು ಕಟ್ಟೋ ಕೆಲಸ. ನಂಗೆ ಮಾತು ಬರಲ್ಲ ಅಂತ ನಿಮಗೆಲ್ಲ ಗೊತ್ತು. ಅದಕ್ಕೆ ನನ್ನ ಮಗಳು ಒಂದು ಒಳ್ಳೆ ಇಂಗ್ಲಿಷ್ ಹೆಸರು ಹುಡುಕಿ ತಂದುಕೊಟ್ಟಿದಾಳೆ. ಆ ಹೆಸರು ಬಂದ ಮೇಲೆ ನನ್ನನ್ನ ಯಾರೂ ಬೈದಿಲ್ಲ. ಅವಳಿಗೆ ಥ್ಯಾಂಕ್ಸ್.

"ಆದ್ರೆ ಅವಳಿಗೆ ಗೊತ್ತಿಲ್ಲದ್ದು ಒಂದಿದೆ. ಇವಳು ಮೂರು ವರ್ಷ ಆಗೋವರೆಗೂ ಮಾತಾಡ್ಲಿಲ್ಲ. ಒಂದಕ್ಷರ ಇಲ್ಲ. ಅಪ್ಪನ ಹಾಗೇ ಆಗುತ್ತೆ ಬಿಡಿ ಅಂದ್ರು ಎಲ್ಲರೂ. ನಂಗೆ ಭಯ ಆಯ್ತು. ನನ್ನ ಹಾಗೆ ಆಗೋದು ಅಂದ್ರೆ ಏನು ಅಂತ ನಂಗೊಬ್ಬನಿಗೇ ಗೊತ್ತಿತ್ತು. ಇವಳಮ್ಮನಿಗೆ ಸಾಯಂಕಾಲ ಡ್ಯೂಟಿ. ಮನೇಲಿ ನಾವಿಬ್ಬರೇ. ಇವಳನ್ನ ಎದುರಿಗೆ ಕೂರಿಸಿಕೊಂಡು ಮಾತಾಡೋಕೆ ಶುರು ಮಾಡ್ದೆ. ಏನು ಮಾತಾಡೋದು? ನಂಗೆ ಗೊತ್ತಿದ್ದಿದ್ದು ಹಲ್ಲು. ಇದು ಬಾಚಿಹಲ್ಲು, ಇದು ಕೋರೆಹಲ್ಲು, ಇದು ದವಡೆಹಲ್ಲು. ಅದು ಮುಗಿದ ಮೇಲೆ ಹಲ್ಲು ಕಟ್ಟಿಸಿಕೊಳ್ಳೋಕೆ ಬಂದೋರ ಕಥೆ. ಆಮೇಲೆ ಬೀದಿ, ಬಸ್ಸು, ಮೋಡ, ಏನು ಕಂಡ್ರೆ ಅದು. ದಿನಾ ಒಂದೊಂದು ಗಂಟೆ. ಏಳು ತಿಂಗಳು. ನನ್ನ ಜೀವನದಲ್ಲಿ ನಾನು ಅಷ್ಟು ಮಾತಾಡಿದ್ದು ಆ ಏಳು ತಿಂಗಳು ಮಾತ್ರ.

"ಒಂದು ದಿನ ನನ್ನ ಬಾಯೊಳಗೆ ಬೆರಳಿಟ್ಟು, 'ಹಲ್ಲು' ಅಂದ್ಲು. ಆಮೇಲೆ ನಿಲ್ಲಿಸಿದ್ದೇ ಇಲ್ಲ. ಅಳಿಯಂದ್ರೇ, ಇದು ನಿಮಗೆ ಎಚ್ಚರಿಕೆ."

ಅಚ್ಚಿನಕ್ಕ ಒಂದು ಕ್ಷಣ ನಿಂತಳು. "ಇಲ್ಲಿ ಜನ ನಗ್ತಾರೆ, ಸ್ವಲ್ಪ ತಡೀಬೇಕು ಅಂತಿದ್ರು," ಎಂದಳು. ಯಾರೂ ನಗಲಿಲ್ಲ. ಅಮ್ಮ ಮಾವನ ತೋಳು ಹಿಡಿದುಕೊಂಡು, ತಾನು ಪಾಳಿ ಮುಗಿಸಿ ಬರುವಾಗ ಬಾಗಿಲು ತೆರೆದ ಕೂಡಲೇ ಗಪ್ಪನೆ ಸುಮ್ಮನಾಗುತ್ತಿದ್ದ ಆ ಮನೆಯನ್ನು ನೋಡುತ್ತಿರುವವಳಂತೆ ನಿಂತಿದ್ದಳು.

"ಅವಳು ಶುರು ಮಾಡಿದ ಮೇಲೆ ನಾನು ನಿಲ್ಲಿಸಿಬಿಟ್ಟೆ. ಕೇಳೋಕೆ ಅಷ್ಟು ಚೆನ್ನಾಗಿತ್ತು. ನಾಳೆಯಿಂದ ಆ ಮಾತು ನಮ್ಮನೇಲಿ ಇರಲ್ಲ. ಅದಕ್ಕೆ ಇವತ್ತು ಎದ್ದು ನಿಂತಿದೀನಿ. ಮಗಳೇ, ಕೊನೇದಾಗಿ ನಿಂಗೆ ಒಂದೇ ಒಂದು ಮಾತು ಹೇಳಬೇಕು."

ಅಚ್ಚಿನಕ್ಕ ಕಣ್ಣು ತೆರೆದಳು.

"ಮುಂದೆ?" ಎಂದ ಮಾವ, ಪಿಸುದನಿಯಲ್ಲಿ.

"ಅದನ್ನ ನಂಗೂ ಹೇಳ್ಲಿಲ್ಲ. ಪ್ರತಿ ಸಲ ಇಲ್ಲಿಗೇ ನಿಲ್ಲಿಸ್ತಿದ್ರು. ಅದೊಂದು ಮದುವೆ ದಿನಕ್ಕೇ ಇರಲಿ ಅಂತಿದ್ರು."

ಸಲಿಕೆಯ ಮೇಲೆ ಕಾಲಿಟ್ಟಿದ್ದ ಗುಂಡಿ ತೋಡುವವನು ಕಾಲನ್ನು ಮೆಲ್ಲಗೆ ಕೆಳಗಿಟ್ಟ. ಎಲ್ಲರ ಮುಷ್ಟಿಯಲ್ಲೂ ಮಣ್ಣಿತ್ತು. ಎಸೆಯಲು ಯಾರೂ ಕೈ ಎತ್ತಲಿಲ್ಲ. ಮಗಳು ಅಂಚಿನಲ್ಲಿ ನಿಂತಿದ್ದಳು, ನಿಧಾನವಾಗಿ ಮಾತಾಡುವವರ ಮಾತು ತಪ್ಪಿಹೋಗಬಾರದೆಂದು ಬಾಗುವಂತೆ ಒಂದು ಕಿವಿಯನ್ನು ಕೆಳಕ್ಕೆ ಕೊಟ್ಟು, ತುಟಿ ಬಿಗಿದುಕೊಂಡು. ಅವಳ ಬೆರಳ ಸಂದಿಯಿಂದ ಮಣ್ಣು ಸಣ್ಣಗೆ ಜಾರಿ ಪೆಟ್ಟಿಗೆಯ ಮೇಲೆ ಬೀಳುತ್ತಿತ್ತು.